ನೀರಿಗೆ ಓದಿದ ತಡೆಯಾಜ್ಞೆ

ನಮ್ಮ ಬಂದರಿಗೆ ‘ಮಹಾಬಂದರು’ ಎಂಬ ಪದವಿ ಸಿಕ್ಕಿದ ದಿನ ಊರವರೆಲ್ಲ ಲಾಡು ಹಂಚಿದರು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಂದು ಬುಟ್ಟಿ ಹಿಡಿದು ಮನೆಮನೆಗೆ ಬಂದವರು ಈಗ ಕಣ್ಣಿಗೆ ಬಿದ್ದರೆ ಬಾಯಿಗೆ ಬಂದಂತೆ ಬೈಯುತ್ತೇನೆ. ಅವರು ತಲೆ ತಗ್ಗಿಸಿ ಹೋಗುತ್ತಾರೆ. ಹೋಗಲಿ, ಹೋಗುವ ಕಾಲು ಅವರಿಗುಂಟು.

ಅದಕ್ಕೆ ಮುಂಚೆ ನಮ್ಮದು ಸಣ್ಣ ಬಂದರು. ಹಡಗಿನವನಿಗೂ ಸರಕು ಇಳಿಸುವ ದಕ್ಕೆಯವನಿಗೂ ಜಗಳವಾದರೆ ಬಂದರು ಕಚೇರಿಯ ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿ, ಚಾ ತರಿಸಿ, ಬೈದು, ಸಂಜೆಯೊಳಗೆ ಕೈಕೈ ಹಿಡಿಸಿ ಕಳಿಸುತ್ತಿದ್ದರು. ಪದವಿ ಬಂದ ಮೇಲೆ ಆ ಜಗಲಿಗೆ ಗಾಜು ಹಾಕಿದರು. ಮಹಾಬಂದರಿನ ಜಗಳ ಮಹಾ ಜಗಳವಂತೆ. ಅದನ್ನು ರಾಜಧಾನಿಯಲ್ಲಿರುವ ಬಂದರು ವ್ಯಾಜ್ಯ ಮಂಡಳಿಯೇ ತೀರ್ಮಾನಿಸಬೇಕು, ಬೇರೆ ಯಾವ ಕೋರ್ಟೂ ಅದರಲ್ಲಿ ಕೈಯಿಡುವಂತಿಲ್ಲ ಎಂದು ದೇಶಕ್ಕೆಲ್ಲ ಒಂದೇ ಕಾಯ್ದೆ ಬಂತು. ಆ ರಾಜಧಾನಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಬೇಕಾದರೆ ಎರಡು ರಾತ್ರಿ ರೈಲಿನಲ್ಲಿ ಮಲಗಬೇಕು. ಮಂಡಳಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಉಳಿದ ಇಬ್ಬರು ಸದಸ್ಯರ ಕುರ್ಚಿ ಖಾಲಿ. ಯಾಕೆ ಖಾಲಿ ಎಂದು ಕೇಳಿದರೆ, ಅದೂ ಪರಿಶೀಲನೆಯಲ್ಲಿದೆ ಎನ್ನುತ್ತಾರೆ.

ಮಂಡಳಿಯ ಆಜ್ಞೆ ಬಂದರೆ ನಮ್ಮ ಬಂದರು ಅಧಿಕಾರಿ ಸಂಜ್ಞೆಯ ಗೋಪುರ ಹತ್ತಿ, ನೀರಿನ ಕಡೆ ಮುಖ ಮಾಡಿ, ಮೊದಲ ಅಕ್ಷರದಿಂದ ಮೊಹರಿನವರೆಗೆ ಅದನ್ನು ಗಟ್ಟಿಯಾಗಿ ಓದಬೇಕು. ಓದಿ ಮುಗಿದ ಕೂಡಲೇ ನೀರು ಅದರಂತೆ ನಡೆಯುತ್ತದೆ. ಒಮ್ಮೆ ಹಿಂದಿನ ಅಧಿಕಾರಿ ಗಂಟಲು ಕಟ್ಟಿದೆ ಎಂದು ಮೈಕಿನಲ್ಲಿ ಓದಿದರು, ನೀರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಈ ಹುದ್ದೆಗೆ ಬರುವವರ ಗಂಟಲು ನೋಡಿ ಆರಿಸುತ್ತಾರೆ. ಈಗಿನ ಅಧಿಕಾರಿ ನರಹರಿ ರಾಯರದು ಆಚೆ ದಡಕ್ಕೂ ಕೇಳಿಸುವ ಕಂಠ. ಮನುಷ್ಯ ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ.

ಬಂದರಿನ ಈಚೆ ದಡದಲ್ಲಿ ಕಲ್ಲಿದ್ದಲಿನ ಕಂಪನಿ. ಅದರ ಮಗ್ಗುಲಲ್ಲೇ ಕಂಟೇನರು ಇಳಿಸುವ ಕಂಪನಿ, ನಾವು ಅದನ್ನು ಡಬ್ಬಿ ಕಂಪನಿ ಎನ್ನುತ್ತೇವೆ. ಆಚೆ ದಡದಲ್ಲಿ ಆಸ್ಪತ್ರೆ, ಆಸ್ಪತ್ರೆಯ ಮೆಟ್ಟಿಲಿಗೆ ತಾಗಿಕೊಂಡೇ ಮೀನು ಮಾರ್ಕೆಟ್ಟು. ಹೊಳೆ ತಂದು ಹಾಕುವ ಹೂಳನ್ನು ಎತ್ತಬೇಕಾದವರು ಯಾರು ಎಂದು ಎರಡು ಕಂಪನಿಗಳಿಗೂ ಜಗಳ ಹತ್ತಿತು. ನೀನೆತ್ತು ಎಂದು ಇವನು, ನೀನೇ ಎತ್ತು ಎಂದು ಅವನು. ಹಳೆಯ ಜಗಲಿಯಾಗಿದ್ದರೆ ಒಂದು ಚಾದಲ್ಲಿ ಮುಗಿಯುತ್ತಿತ್ತು. ಮಂಡಳಿಗೆ ಹೋಯಿತು. ಮಂಡಳಿ ಹೇಳಿತು: ತೀರ್ಪು ಬರುವ ತನಕ ವಿವಾದದ ನೀರಿನಲ್ಲಿ ಯಥಾಸ್ಥಿತಿ ಕಾಪಾಡಬೇಕು.

ಆ ಆಜ್ಞೆ ಗೋಪುರ ಹತ್ತಿದ ಹೊತ್ತಿಗೆ ನನ್ನ ತಂಗಿ ಕುಸುಮ ನೀರಿನ ನಡುವೆ ಇದ್ದಳು. ದಿನ ತುಂಬಿ, ಬೆಳಿಗ್ಗೆ ನೋವು ಶುರುವಾಗಿ, ಅವಳ ಗಂಡ ಉಮೇಶ ತಾನೇ ಓಡಿಸುವ, ಜನರನ್ನು ದಡ ದಾಟಿಸುವ ಲಾಂಚಿನಲ್ಲಿ ಅವಳೊಬ್ಬಳನ್ನೇ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದ. ನಾನು ಹಳೆ ಸೀರೆ, ಫ್ಲಾಸ್ಕು ಎಲ್ಲ ಕಟ್ಟಿಕೊಂಡು ಮುಂದಿನ ದೋಣಿಗೆ ಕಾಯುತ್ತ ದಕ್ಕೆಯಲ್ಲಿ ನಿಂತಿದ್ದೆ. ಅಮ್ಮ ಹೋದ ಮೇಲೆ ಅವಳನ್ನು ಸಾಕಿದವಳು ನಾನು. ತಾಡಪಾಲು ಹೊಲಿದು ಹೊಲಿದು ಬೆರಳಿನ ತುದಿ ಚರ್ಮ ದಪ್ಪಗಾಗಿದೆ. ಅದೇ ಕೈಯಲ್ಲಿ ಅವಳ ಜಡೆ ಹೆಣೆದಿದ್ದೇನೆ. ಗೋಪುರದಿಂದ ನರಹರಿ ರಾಯರ ಸ್ವರ ಕೇಳಿತು. ಲಾಂಚು ನೀರಿನ ನಟ್ಟನಡುವೆ ನಿಂತುಬಿಟ್ಟಿತು. ಎದ್ದ ಅಲೆ ಎದ್ದಲ್ಲೇ ಉಳಿಯಿತು. ನೀರು ಗಟ್ಟಿ ಬೆಲ್ಲದ ಹಾಗೆ ಕಾಲಿಗೆ ಸಿಕ್ಕಿತು. ನಾನು ಅದರ ಮೇಲೆ ಓಡಿದೆ.

ಯಥಾಸ್ಥಿತಿಯ ನಿಯಮ ನಮಗೆಲ್ಲ ಒಂದು ವಾರದಲ್ಲಿ ಅರ್ಥವಾಯಿತು. ಆಜ್ಞೆಯ ಹೊತ್ತಿಗೆ ಅಲ್ಲಿದ್ದವರು ಅಲ್ಲಿಂದ ಹೊರಗೆ ಕಾಲಿಡುವಂತಿಲ್ಲ. ಆಮೇಲೆ ಬಂದವರು ಹೋಗಬಹುದು, ಬರಬಹುದು. ಒಳಗಿದ್ದದ್ದು ಏನೂ ಬದಲಾಗುವುದಿಲ್ಲ. ಉಮೇಶನ ಗಡ್ಡ ಬೆಳೆಯಲಿಲ್ಲ. ಕುಸುಮಳಿಗೆ ಹಸಿವಾಗಲಿಲ್ಲ. ಮಗು ಕೆಳಗೆ ಬರಲಿಲ್ಲ. ನೋವು ಮಾತ್ರ ಅವತ್ತು ಎಷ್ಟಿತ್ತೋ ಅಷ್ಟೇ ಇತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸೂಲಗಿತ್ತಿಯನ್ನು ಕರೆತಂದೆ, ಆಸ್ಪತ್ರೆಯ ಡಾಕ್ಟರಮ್ಮನನ್ನೂ ಕರೆತಂದೆ. ಇಬ್ಬರೂ ಕೈ ತೊಳೆದುಕೊಂಡು ಕಾದು ಕಾದು ಎದ್ದು ಹೋದರು.

“ಅಕ್ಕ, ಇನ್ನು ಎಷ್ಟು ಹೊತ್ತಂತೆ?” ಎಂದು ಕುಸುಮ ನನ್ನ ಮುಂಗೈ ಹಿಡಿದು ಕೇಳುತ್ತಿದ್ದಳು. “ಈಗ ಆಗ್ತದೆ, ಸ್ವಲ್ಪ ತಡ್ಕೊ” ಎಂದು ಮೊದಲ ದಿನ ಹೇಳಿದೆ. ಆ ಮಾತನ್ನೇ ಹೇಳುತ್ತ ಎರಡು ಮಳೆಗಾಲ ಕಳೆದವು. ಮಳೆ ಲಾಂಚಿನ ಮೇಲೆ ಬಿದ್ದರೂ ಅವಳ ಸೀರೆ ಒದ್ದೆಯಾಗಲಿಲ್ಲ, ಆ ದಿನ ಬಿಸಿಲಿತ್ತು ನೋಡಿ.

ನರಹರಿ ರಾಯರ ಕಚೇರಿಗೆ ಹೋಗಿ ಕೇಳಿದೆ. “ನೀವು ಗೋಪುರದಿಂದ ನೋಡುವಾಗ ಲಾಂಚು ಕಾಣ್ಲಿಲ್ವಾ ನಿಮಗೆ? ಒಳಗೆ ಬಸುರಿ ಇದ್ದದ್ದು ಕಾಣ್ಲಿಲ್ವಾ? ಅದು ದಾಟುವಷ್ಟು ಹೊತ್ತು ತಡೆದು ಓದಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?”

ಅವರು ಕನ್ನಡಕ ಒರೆಸಿಕೊಂಡರು. “ಕಂಡಿತ್ತಮ್ಮ. ಆದ್ರೆ ಆಜ್ಞೆ ತಲುಪಿದ ಕೂಡ್ಲೆ ಓದ್ಬೇಕೂಂತ ಉಂಟು. ನಾನು ತಡ ಮಾಡಿದ್ರೆ ಎರಡು ಕಂಪನಿಯವರೂ ನನ್ನ ಮೇಲೆ ಬೀಳ್ತಾರೆ. ನಾನು ಓದುವವ ಮಾತ್ರ.”

ಓದುವವ ಮಾತ್ರ! ಊರಿನ ಕೋರ್ಟಿಗೆ ಹೋದೆ. ಅಲ್ಲಿನ ನ್ಯಾಯಾಧೀಶರು ನನ್ನ ಅರ್ಜಿಯನ್ನು ಬಿಸಿ ಬಾಣಲೆ ಹಿಡಿದ ಹಾಗೆ ಹಿಡಿದು ವಾಪಸು ಕೊಟ್ಟರು. ಮಹಾಬಂದರಿನ ವಿಷಯ, ಮುಟ್ಟುವ ಅಧಿಕಾರ ತಮಗಿಲ್ಲವಂತೆ. ಹಾಗಾದರೆ ಬಂದರು ನಡೆಸುವ ಪ್ರಾಧಿಕಾರಕ್ಕೆ ಹೋಗು ಎಂದರು. ಪ್ರಾಧಿಕಾರದವರು, ನಾವೂ ಇದರಲ್ಲಿ ಪ್ರತಿವಾದಿ, ನಮ್ಮ ಕೈಯೂ ಕಟ್ಟಿದೆ ಎಂದರು. ಕೈ ಕಟ್ಟಿದವರೆಲ್ಲ ಎರಡು ಕೈಯಲ್ಲೂ ಚಾ ಲೋಟ ಹಿಡಿದುಕೊಂಡೇ ಇದ್ದರು.

ಊರವರು ಮೊದಮೊದಲು ನನ್ನ ಜೊತೆ ಅತ್ತದ್ದು ಹೌದು. ಆಮೇಲೆ ಮಾರ್ಕೆಟ್ಟಿನ ಗುಲಾಬಿಯಕ್ಕ ಒಂದು ಸಂಗತಿ ಕಂಡುಕೊಂಡಳು. ಒಂದು ದಿನ ಕುಸುಮಳನ್ನು ನೋಡಲು ಬಂದವಳು ಬಂಗುಡೆಯ ಬುಟ್ಟಿಯನ್ನು ಲಾಂಚಿನ ಪಕ್ಕ ಮರೆತು ಹೋಗಿದ್ದಳು. ಮೂರನೆಯ ದಿನ ಬಂದು ನೋಡಿದರೆ ಮೀನಿನ ಕಣ್ಣು ಇನ್ನೂ ಹೊಳೆಯುತ್ತಿತ್ತು. ಅಷ್ಟೇ ಸಾಕಾಯಿತು. ಮರುವಾರಕ್ಕೆ ಯಥಾಸ್ಥಿತಿಯ ನೀರಿನ ಮೇಲೆ ಸಾಲಾಗಿ ಬುಟ್ಟಿಗಳು ಬಂದವು. ಅಂಜಲ್ ಒಂದು ಕಡೆ, ಬೂತಾಯಿ ಒಂದು ಕಡೆ. ಐಸಿನ ಕಾರ್ಖಾನೆ ಬಾಗಿಲು ಹಾಕಿತು. ಮಲ್ಲಿಗೆಯವರು ಬಂದರು, ಹಾಲಿನವರು ಬಂದರು. ನಮ್ಮ ಪುರಸಭೆಯ ಅಧ್ಯಕ್ಷರು ಬೆಳಿಗ್ಗೆ ಸಂಜೆ ಅಲ್ಲಿ ಕುರ್ಚಿ ಹಾಕಿ ಕೂರತೊಡಗಿದರು, ಅಷ್ಟು ಹೊತ್ತು ವಯಸ್ಸು ನಿಲ್ಲುತ್ತದೆಂದು. ನನ್ನ ತಂಗಿ ನರಳುತ್ತಿದ್ದ ಜಾಗದಿಂದ ಹತ್ತು ಮಾರು ದೂರದಲ್ಲಿ ಆ ಮನುಷ್ಯ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದುತ್ತಿದ್ದ.

ಕಂಪನಿಗಳಿಗೂ ಹಾಯಾಗಿತ್ತು. ಗಟ್ಟಿಯಾಗಿ ನಿಂತ ನೀರಿನೊಳಗೆ ಹೂಳು ಇಳಿಯುವುದಿಲ್ಲ, ಹಾಗಾಗಿ ಯಾರೂ ಎತ್ತಬೇಕಾಗಿಲ್ಲ. ಹೊಳೆ ತಂದ ಹೂಳೆಲ್ಲ ಆಚೆ ದಡದಲ್ಲಿ, ಆಸ್ಪತ್ರೆಯ ಮೆಟ್ಟಿಲಿನ ಮುಂದೆ, ಆಜ್ಞೆಯ ಗಡಿಯ ಹೊರಗೆ ರಾಶಿಯಾಗುತ್ತಿತ್ತು. ನಾನದನ್ನು ಕಂಡು ಎಲ್ಲರಿಗೂ ಹೇಳಿದೆ. ಅದು ವಿವಾದದ ಜಾಗವಲ್ಲ, ಹಾಗಾಗಿ ಅದರ ಬಗ್ಗೆ ಯಾರಿಗೂ ಹೇಳಲಿಕ್ಕೇನೂ ಇರಲಿಲ್ಲ.

“ಗುಲಾಬಿಯಕ್ಕ, ನಿನಗೂ ಮಕ್ಕಳಿದ್ದಾರೆ. ನೀನು ಹೀಗೆ ಮಾಡುದಾ?” ಎಂದು ಕೇಳಿದರೆ ಅವಳು ಮುಖ ಆಚೆ ಮಾಡಿ ಬುಟ್ಟಿ ಜೋಡಿಸಿದಳು. “ನಾನು ಮೀನು ತೆಗೆದ್ರೆ ಅವಳಿಗೆ ಹೆರಿಗೆ ಆಗ್ತದಾ ವಾರಿಜ? ಆಗ್ತದೇಂತ ಹೇಳು, ಈಗ್ಲೇ ತೆಗೀತೇನೆ. ನೀರು ನಿಲ್ಸಿದ್ದು ನಾನಲ್ಲ ಮಾರಾಯ್ತಿ.” ಅವಳು ಹೇಳಿದ್ದು ಸರಿ ಎಂಬುದಕ್ಕೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ರಾಜಧಾನಿಗೆ ಹೋದೆ. ಮಂಡಳಿಯ ಕಟ್ಟಡದ ಮುಂದೆ ಒಂದು ಕಾರಂಜಿ, ಅದೂ ಕೆಟ್ಟಿತ್ತು. ಅಧ್ಯಕ್ಷರು ಸಭ್ಯರು. ನನಗೆ ಕುರ್ಚಿ ಕೊಡಿಸಿದರು. ನಾನು ಯಾರು ಎಂಬುದೇ ಮೊದಲ ಪ್ರಶ್ನೆ. ಬಂದರು ನಡೆಸುವವಳಾ? ಅಲ್ಲ. ದಕ್ಕೆ ಗುತ್ತಿಗೆ ಹಿಡಿದವಳಾ? ಅಲ್ಲ. ಹಡಗಿನ ಮಾಲೀಕಳಾ? ಅಲ್ಲ. ಹಾಗಾದರೆ ಈ ಮಂಡಳಿಯ ಮುಂದೆ ಮಾತಾಡುವ ಹಕ್ಕು ನನಗೆ ಯಾವ ಕಲಮಿನ ಕೆಳಗೆ ಬರುತ್ತದೆ? “ಅಕ್ಕ ಸ್ವಾಮಿ, ನಾನು ಅವಳ ಅಕ್ಕ” ಎಂದೆ. ಗುಮಾಸ್ತರು ಕಾಯ್ದೆಯ ಪುಸ್ತಕ ತಿರುವಿ ನೋಡಿದರು. ಅದರಲ್ಲಿ ಅಕ್ಕ ಇರಲಿಲ್ಲ.

ಅಧ್ಯಕ್ಷರು ಮುಂದಕ್ಕೆ ಬಾಗಿ ಕೇಳಿದರು. “ನೋಡಮ್ಮ, ನಾವು ಆಜ್ಞೆ ಕೊಟ್ಟ ದಿನಕ್ಕಿಂತ ನಿಮ್ಮ ತಂಗಿಯ ನೋವು ಹೆಚ್ಚಾಗಿದೆಯೇ?”

“ಇಲ್ಲ ಸ್ವಾಮಿ, ಅಷ್ಟೇ ಉಂಟು.”

“ಹಾಗಾದರೆ ಆಜ್ಞೆಯಿಂದ ಅವರಿಗೆ ನಷ್ಟವಾಗಿದೆ ಎಂದು ಹೇಗೆ ಹೇಳುವುದು?”

ಕೋಣೆಯಲ್ಲಿ ಎರಡು ಕಂಪನಿಗಳ ವಕೀಲರಿದ್ದರು. ಇಬ್ಬರೂ ತಲೆದೂಗಿದರು. ಆ ಇಬ್ಬರು ಒಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ನಿಮ್ಮ ಹೆಂಡತಿ ಹೆರುವಾಗ ಯಾರಾದ್ರೂ ಹೀಗೆ ನಿಲ್ಸಿಟ್ಟು, ಹೆಚ್ಚಾಯ್ತಾ ಕಡಿಮೆ ಆಯ್ತಾಂತ ಅಳತೆ ಮಾಡಿದ್ರಾ?” ಎಂದು ಕೂಗಿದೆ. ಇಬ್ಬರು ಪೇದೆಗಳು ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಹೋಗುವಾಗ ಅಧ್ಯಕ್ಷರ ಮುಖ ನೋಡಿದೆ. ಅವರಿಗೆ ಬೇಸರವಾಗಿತ್ತು. ಬೇಸರಪಟ್ಟುಕೊಂಡೇ ಮುಂದಿನ ತಾರೀಕು ಹಾಕಿದರು.

ಆಮೇಲೆ ಬಹಳ ಕಾಲ ಕಳೆದು, ನನ್ನ ತಲೆಯಲ್ಲಿ ಬಿಳಿಕೂದಲು ಕಾಣುವ ಹೊತ್ತಿಗೆ, ಡಬ್ಬಿ ಕಂಪನಿ ಕಲ್ಲಿದ್ದಲಿನ ಕಂಪನಿಯನ್ನು ಕೊಂಡುಕೊಂಡಿತು. ಜಗಳವಾಡುವ ಇಬ್ಬರೂ ಒಬ್ಬನೇ ಆದ ಮೇಲೆ ಜಗಳವೆಲ್ಲಿ? ಮೀನು ಮಾರ್ಕೆಟ್ಟಿನವರು ಆಜ್ಞೆ ಮುಂದುವರಿಸಿ ಎಂದು ಅರ್ಜಿ ಹಾಕಿದರು. ಅವರೂ ಕಾಯ್ದೆಯ ಪುಸ್ತಕದಲ್ಲಿ ಇರಲಿಲ್ಲ, ದೇವರು ದೊಡ್ಡವನು. ಯಥಾಸ್ಥಿತಿ ತೆರವಾಯಿತು ಎಂಬ ಸುದ್ದಿ ಬಂತು. ನಾನು ನೀರಿನ ಮೇಲೆ ಓಡಿ ಹೋಗಿ ಕುಸುಮಳಿಗೆ ಹೇಳಿದೆ. ಅವಳು ನಗಲು ನೋಡಿದಳು. ಉಮೇಶ ಇಂಜಿನ್ನಿನ ಹಿಡಿಯ ಮೇಲೆ ಕೈಯಿಟ್ಟು ಕೂತ.

ಲಕೋಟೆ ಬಂದ ದಿನ ಕಚೇರಿಗೆ ಹೋದರೆ ನರಹರಿ ರಾಯರ ಮುಖ ಬಾಡಿತ್ತು. “ಎರಡು ಆಜ್ಞೆ ಉಂಟು ವಾರಿಜಮ್ಮ” ಎಂದರು. “ಮೊದಲನೇದ್ರಲ್ಲಿ ನೀರಿನ ತಡೆ ತೆರವು. ಎರಡನೇದು ಹೂಳಿನದ್ದು. ಆಸ್ಪತ್ರೆ ಕಡೆ ಬಿದ್ದ ಹೂಳು ಪ್ರಾಧಿಕಾರ ಎತ್ಬೇಕಾ ಕಂಪನಿ ಎತ್ಬೇಕಾಂತ ಈಗ ಹೊಸ ವ್ಯಾಜ್ಯ. ತೀರ್ಪು ಬರುವ ತನಕ ಆ ಹೂಳಿನಲ್ಲಿ ಯಥಾಸ್ಥಿತಿ.”

ಆಸ್ಪತ್ರೆಯ ಮೆಟ್ಟಿಲಿಗೆ ಹೋಗಬೇಕಾದರೆ ಆ ಹೂಳನ್ನೇ ದಾಟಬೇಕು. “ಮೊದಲನೇದು ಓದಿ. ಅವಳು ಮೆಟ್ಲು ಹತ್ತಿದ ಮೇಲೆ ಎರಡನೇದು ಓದಿ. ಕೈ ಮುಗಿತೇನೆ” ಎಂದೆ. ನಿಜವಾಗಿ ಮುಗಿದೆ. ನನ್ನ ಜನ್ಮದಲ್ಲಿ ಆ ಮನುಷ್ಯನಿಗೆ ಕೈ ಮುಗಿದದ್ದು ಅದೊಂದೇ ಸಲ, ನೆನೆದರೆ ಕೈ ಉರಿಯುತ್ತದೆ.

“ಒಂದೇ ಲಕೋಟೆಯಲ್ಲಿ ಬಂದದ್ದು, ಒಂದರ ಹಿಂದೆ ಒಂದು ಓದ್ಬೇಕು. ಮಧ್ಯದಲ್ಲಿ ಒಂದು ಲೋಟ ನೀರು ಕುಡೀಬಹುದು” ಎಂದರು. ಕಣ್ಣು ತಗ್ಗಿಸಿ, “ನಿಧಾನಕ್ಕೆ ಕುಡೀತೇನೆ” ಎಂದೂ ಸೇರಿಸಿದರು.

ಅದು ಅವರ ದೊಡ್ಡ ಉಪಕಾರ. ನಾನು ಲಾಂಚಿಗೆ ಹೋಗಿ ಕೂತೆ. ನೀರು ಸಡಿಲಾಗುವ ಮುಂಚೆ ಎಂದು ಮಾರ್ಕೆಟ್ಟಿನ ಹೆಂಗಸರು ಬೆಳಿಗ್ಗೆಯಿಂದಲೇ ತಮ್ಮ ಬುಟ್ಟಿಗಳನ್ನೆಲ್ಲ ಆಚೆ ದಡಕ್ಕೆ ಹೊತ್ತು, ಕೆಸರಿನ ಮೇಲೆ ಹಲಗೆ ಹಾಸಿ ಮೆಟ್ಟಿಲಿಗೆ ಸಾಗಿಸುತ್ತಿದ್ದರು. ಗೋಪುರದಿಂದ ಮೊದಲ ಆಜ್ಞೆ ಕೇಳಿತು. ಮುಗಿದದ್ದೇ ತಡ, ನಿಂತ ಅಲೆ ಧಡಕ್ಕನೆ ಬಿತ್ತು, ಲಾಂಚು ಓಲಾಡಿತು, ಕುಸುಮ ಕಿರುಚಿದಳು. ಅಷ್ಟು ವರ್ಷ ತಡೆದಿಟ್ಟ ನೋವು ಒಮ್ಮೆಲೇ ಮುಂದಕ್ಕೆ ನುಗ್ಗಿತು. “ಬಿಡು ಉಮೇಶ, ಬಿಡು!” ಎಂದು ನಾನು ಕೂಗಿದೆ. ಅವನು ಬಿಟ್ಟ. ಆಸ್ಪತ್ರೆಯ ಮೆಟ್ಟಿಲು ಕಣ್ಣಿಗೆ ಕಾಣುತ್ತಿತ್ತು, ಡಾಕ್ಟರಮ್ಮ ಜಗಲಿಗೆ ಬಂದು ನಿಂತದ್ದೂ ಕಾಣುತ್ತಿತ್ತು. ಲಾಂಚಿನ ಹೊಟ್ಟೆ ಕೆಸರಿಗೆ ಉಜ್ಜಿತು. ಇಂಜಿನ್ ಗೊರಗೊರ ಎಂದು ನಿಂತಿತು.

ಯಾರೂ ಎತ್ತದ ಹೂಳು. ಇವನದ್ದು ಅಲ್ಲ, ಅವನದ್ದು ಅಲ್ಲ. ನಾನು ಹಾರಿದೆ, ತೊಡೆಯ ತನಕ ಹೂತುಹೋದೆ. ಉಮೇಶ ಕುಸುಮಳನ್ನು ಎತ್ತಿ ಅಂಚಿಗೆ ತಂದ, ಅಲ್ಲಿಂದ ಮುಂದೆ ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. “ಗುಲಾಬಿಯಕ್ಕಾ!” ಎಂದು ಬೊಬ್ಬೆ ಹೊಡೆದೆ.

ಅವಳು ತಲೆಯ ಮೇಲಿನ ಬುಟ್ಟಿಯನ್ನು ಕೆಸರಿಗೆ ಎಸೆದಳು. ಅಂಜಲ್ ತುಂಬಿದ ಬುಟ್ಟಿ ಅದು. “ಹಲಗೆ ತನ್ನಿಯೇ, ನೋಡ್ತಾ ನಿಂತದ್ದೆಂತ!” ಎಂದು ಉಳಿದವರಿಗೆ ಗದರಿದಳು. ಮೀನಿನ ಹಲಗೆಗಳು ಒಂದರ ಮುಂದೆ ಒಂದು ಬಿದ್ದವು. ಒಂದು ಹಲಗೆಯ ಮೇಲೆ ಕುಸುಮಳನ್ನು ಮಲಗಿಸಿ ನಾಲ್ಕು ಮೂಲೆಗೆ ನಾಲ್ವರು ಹೆಂಗಸರು ಹಿಡಿದರು. ಉಮೇಶ ಅವಳ ತಲೆಯ ಹತ್ತಿರ, ನಾನು ಹಿಂದಿನಿಂದ ತಳ್ಳುವವಳು. ಅರ್ಧ ದಾರಿಯೂ ಆಗಿರಲಿಲ್ಲ, ಗೋಪುರದಲ್ಲಿ ನರಹರಿ ರಾಯರು ಲೋಟ ಕೆಳಗಿಟ್ಟು ಎರಡನೆಯ ಹಾಳೆ ಬಿಡಿಸಿದರು. ‘ಮಾನ್ಯ ಮಂಡಳಿಯ ಮುಂದೆ’ ಎಂದು ಶುರುವಾಯಿತು.

“ಅದು ಕೇಳಬಾರ್ದು, ಈ ಕೆಸರಿಗೆ ಕೇಳಬಾರ್ದು!” ಎಂದೆ ನಾನು. ಬೇರೇನೂ ಹೇಳಬೇಕಾಗಿರಲಿಲ್ಲ. ಗುಲಾಬಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಏಲಂ ಕೂಗಿದಳು. ಕೈಯಲ್ಲಿ ಮೀನಿಲ್ಲ, ಮುಂದೆ ಗಿರಾಕಿಯಿಲ್ಲ. “ಅಂಜಲಾ ಅಂಜಲು! ಯಾರು ಹೇಳ್ತೀರಿ, ಜಾಸ್ತಿ ಯಾರು ಹೇಳ್ತೀರಿ!” ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಅವಳ ಜೊತೆ ಕೂಗಿದರು. ಬಂಗುಡೆ, ಬೂತಾಯಿ, ಮಾಂಜಿ, ಸಿಗಡಿ. ಮಾರ್ಕೆಟ್ಟಿನ ಒಳಗಿದ್ದವರೂ ಓಡಿಬಂದು, ಯಾಕೆ ಎಂದು ಕೇಳದೆ ಕೂಗಿದರು. ಗೋಪುರದಲ್ಲಿ ರಾಯರ ಬಾಯಿ ಅಲ್ಲಾಡುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಒಂದಕ್ಷರ ಕೆಳಗೆ ಇಳಿಯಲಿಲ್ಲ. ಗಂಟಲು ನೋಡಿ ಆರಿಸಿದ ಮನುಷ್ಯ! ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಚಂದದ ಗಲಾಟೆ ಕೇಳಿಲ್ಲ.

ಹಲಗೆ ಮೆಟ್ಟಿಲು ಮುಟ್ಟಿತು. ಉಮೇಶ ಹತ್ತಿದ, ಹೊತ್ತವರು ಹತ್ತಿದರು. ಡಾಕ್ಟರಮ್ಮ ಒಳಗೆ ತರುವಷ್ಟು ಹೊತ್ತಿಲ್ಲ ಎಂದು ಜಗಲಿಯಲ್ಲೇ ಬಟ್ಟೆ ಹಿಡಿಸಿ ಮರೆ ಮಾಡಿಸಿದಳು. ನಾನು ಕೊನೆಯ ಮೆಟ್ಟಿಲಿನ ಬಳಿ ಇದ್ದೆ, ಕಾಲು ಕೆಸರಿನಿಂದ ಬಿಡಿಸಿಕೊಳ್ಳುತ್ತಿದ್ದೆ. ಕೂಗು ನಡೆದೇ ಇತ್ತು. ಆಗ ಬಟ್ಟೆಯ ಹಿಂದಿನಿಂದ ಸಣ್ಣಗೆ ಏನೋ ಕೇಳಿದ ಹಾಗಾಯಿತು. ಗುಲಾಬಿಯಕ್ಕ ಕೈ ಎತ್ತಿದಳು. ಊರಿನ ಯಾವ ಹೆಂಗಸು ತಾನೇ ಆ ಹೊತ್ತಿಗೆ ಕೂಗುತ್ತ ಇರಬಲ್ಲಳು? ಎಲ್ಲರೂ ಬಾಯಿ ಮುಚ್ಚಿ ಕಿವಿಯಾದರು. ನಾನೂ ಕಾಲು ಎಳೆಯುವುದನ್ನು ಬಿಟ್ಟು ಕಿವಿಗೊಟ್ಟೆ. ಮಗು ಅತ್ತಿತು. ಕರ್ಕಶವಾಗಿ, ಇಡೀ ಬಂದರನ್ನೇ ಬೈಯುವ ಹಾಗೆ ಅತ್ತಿತು.

ಆ ಮೌನದಲ್ಲಿ ನರಹರಿ ರಾಯರು ಮತ್ತೆ ಮೊದಲಿನಿಂದ ಓದಿ ಮುಗಿಸಿದರು. ಹೂಳಿನ ಆಜ್ಞೆ ಬಹಳ ಚಿಕ್ಕದಾಗಿತ್ತು.

ನಾನು ಈಗಲೂ ಇಲ್ಲೇ ಇದ್ದೇನೆ, ಕೊನೆಯ ಮೆಟ್ಟಿಲಿನಿಂದ ಒಂದು ಕೈಯಳತೆಯ ದೂರದಲ್ಲಿ, ತೊಡೆಯ ತನಕ ಕೆಸರಿನಲ್ಲಿ. ಗುಲಾಬಿಯಕ್ಕ ತನ್ನ ಹೆಂಗಸರಿಗೆ ಈ ಹೂಳಿನ ಮೇಲೆ ಒಂದು ಬುಟ್ಟಿಯನ್ನೂ ಇಡಲು ಬಿಟ್ಟಿಲ್ಲ. ಐಸಿನ ಕಾರ್ಖಾನೆ ಮತ್ತೆ ತೆರೆದಿದೆ. ಕುಸುಮ ದಿನವೂ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಜಡೆ ಹೆಣೆಯುತ್ತಾಳೆ, ಅತ್ತು ಹೋಗುತ್ತಾಳೆ. ಮಂಡಳಿಗೆ ಉಮೇಶ ಹಾಕಿದ ಅರ್ಜಿಗೆ ಉತ್ತರ ಬಂತು: ಸದರಿ ಮಹಿಳೆಯ ಸ್ಥಿತಿ ಆಜ್ಞೆಯ ದಿನಕ್ಕಿಂತ ಹದಗೆಟ್ಟಿಲ್ಲವಾದ್ದರಿಂದ ತುರ್ತು ಇಲ್ಲ.

ಸರಿಯಾಗಿಯೇ ಹೇಳಿದ್ದಾರೆ. ಏನೂ ಬದಲಾಗಿಲ್ಲ. ಕಾಲಿಗೆ ಆ ದಿನದ ಚಳಿಯೇ. ಅವರ ಮೇಲಿನ ಸಿಟ್ಟು ಆ ದಿನ ಎಷ್ಟಿತ್ತೋ ಅಷ್ಟೇ, ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಇನ್ನೆಷ್ಟು ವರ್ಷ ಇಟ್ಟರೂ ಇಳಿಯುವುದಿಲ್ಲ; ಅವರ ಮೊಹರೇ ಅದನ್ನು ಕಾಯುತ್ತಿದೆ. ಆ ದಿನ ಹುಟ್ಟಿದ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಚೀಲ ಬಿಸಾಡಿ ಮೆಟ್ಟಿಲ ಮೇಲೆ ಕೂತು ಕೇಳಿದಳು: “ದೊಡ್ಡಮ್ಮ, ನಾನು ಹುಟ್ಟುವಾಗ ಹೇಗೆ ಅತ್ತದ್ದು?”

“ಸ್ವಲ್ಪ ಸುಮ್ನಿರು, ಕೇಳಿ ಹೇಳ್ತೇನೆ” ಎಂದೆ. ಆ ದಿನದ ಅಳು ನನ್ನ ಕಿವಿಯಲ್ಲಿ ಇನ್ನೂ ಮುಗಿದಿಲ್ಲ.